ಹೃದಯ ಕವಾಟದ ಚಿಕಿತ್ಸಾ ಪ್ರಯೋಗ: ಸಹಿ ಹಾಕುವ ಮುನ್ನ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ನಮ್ಮನ್ನು ಸೃಷ್ಟಿಸಿ, ಎದೆಯೊಳಗೆ ಒಂದು ಹಿಡಿಯಷ್ಟು ಗಾತ್ರದ ಹೃದಯವನ್ನಿಟ್ಟು, ನಾವು ನಿದ್ರಿಸುವಾಗಲೂ ಅದನ್ನು ಮಿಡಿಯುವಂತೆ ಮಾಡಿದವನು ಅವನು. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆಯೂ ಶಾಂತಿಯೂ ಇರಲಿ. ನನಗೂ ನಿಮಗೂ ನಾನು ಮೊದಲು ಉಪದೇಶಿಸುವುದು ತಕ್ವಾವನ್ನು.

ಸಹೋದರ ಸಹೋದರಿಯರೇ, ಇಂದಿನ ವಿಷಯ ಮಿಂಬರ್‌ನಿಂದ ಆಗಾಗ ಕೇಳಿಬರುವಂಥದ್ದಲ್ಲ. ಜಮಾಅತ್‌ನ ಒಂದು ಕುಟುಂಬದವರು ಆಸ್ಪತ್ರೆಯ ಕೆಲವು ಕಾಗದಗಳನ್ನು ಹಿಡಿದು ಬಂದು ಕೇಳಿದ ಪ್ರಶ್ನೆಯೇ ಇದಕ್ಕೆ ಕಾರಣ. ಮನೆಯ ಹಿರಿಯರೊಬ್ಬರ ಹೃದಯದ ವಾಲ್ವ್ ಲೀಕ್ ಆಗುತ್ತಿದೆ. ಎದೆ ತೆರೆದು ಆಪರೇಷನ್ ಮಾಡಿದರೆ ದೇಹ ತಾಳುವುದು ಕಷ್ಟ ಎಂದಿದ್ದಾರೆ. ಹೊಸ ಚಿಕಿತ್ಸೆಯೊಂದರ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು ಎಂದು ಕಾಗದ ಕೊಟ್ಟಿದ್ದಾರೆ. ಮನೆಯಲ್ಲಿ ಎರಡು ಅಭಿಪ್ರಾಯ. ‘ನಮ್ಮವರನ್ನು ಇಲಿ ಮೊಲಗಳಂತೆ ಪ್ರಯೋಗಕ್ಕೆ ಕೊಡುವುದೇ?’ ಎಂದು ಒಬ್ಬರು. ‘ಹೊಸ ಚಿಕಿತ್ಸೆ, ಉಚಿತವಾಗಿಯೂ ಸಿಗುತ್ತದೆ, ತಡವೇಕೆ?’ ಎಂದು ಇನ್ನೊಬ್ಬರು. ಶರೀಅತ್ ಏನು ಹೇಳುತ್ತದೆ ಎಂದು ಅವರು ಕೇಳಿದರು.

ಭಯ ಮತ್ತು ಆತುರ ಎರಡೂ ನಮ್ಮ ಹೆಚ್ಚಿನ ಮನೆಗಳಲ್ಲಿವೆ. ಆದ್ದರಿಂದ ಆ ಒಂದು ಮನೆಗೆ ಕೊಟ್ಟ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಎಲ್ಲರ ಮುಂದಿಡುತ್ತಿದ್ದೇನೆ.

ಕಾಯಿಲೆ ಏನು?

ಹೃದಯದಲ್ಲಿ ನಾಲ್ಕು ಕೋಣೆಗಳು, ನಾಲ್ಕು ಕವಾಟಗಳು. ಕವಾಟವೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ. ರಕ್ತ ಮುಂದೆ ಹೋದ ಕೂಡಲೇ ಬಾಗಿಲು ಸರಿಯಾಗಿ ಮುಚ್ಚಬೇಕು. ಮುಚ್ಚದಿದ್ದರೆ ಸ್ವಲ್ಪ ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಇದನ್ನೇ ನಾವು ವಾಲ್ವ್ ಲೀಕ್ ಎನ್ನುವುದು. ಎಡಭಾಗದ ಮೈಟ್ರಲ್ ಕವಾಟ ಮತ್ತು ಬಲಭಾಗದ ಟ್ರೈಕಸ್ಪಿಡ್ ಕವಾಟದ ಲೀಕ್ ಹೆಚ್ಚಾಗಿ ಕಾಣುವಂಥದ್ದು.

ಎಕೋ ರಿಪೋರ್ಟ್‌ನಲ್ಲಿ ‘ಲೀಕ್’ ಎಂಬ ಪದ ಕಂಡ ಕೂಡಲೇ ಗಾಬರಿಯಾಗಬೇಕಾಗಿಲ್ಲ. ಅಲ್ಪ ಪ್ರಮಾಣದ ಲೀಕ್ ಬಹಳ ಜನರಲ್ಲಿ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಬೇಕಾಗುವುದಿಲ್ಲ. ತೀವ್ರ ಲೀಕ್‌ನ ವಿಷಯ ಬೇರೆ. ಹೃದಯ ಹಿಗ್ಗುತ್ತಾ ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಊತ, ಎರಡು ಮೂರು ದಿಂಬು ಇಲ್ಲದೆ ಮಲಗಲಾಗದಂಥ ಸ್ಥಿತಿ. ಕೆಲವರಿಗೆ ರುಕೂ, ಸುಜೂದ್‌ಗೆ ಬಾಗಿದಾಗಲೇ ಉಸಿರು ಕಟ್ಟಿದಂತಾಗುತ್ತದೆ. ‘ವಯಸ್ಸಾಯಿತು, ಅದಕ್ಕೆ ಹೀಗೆ’ ಎಂದು ಹಿರಿಯರು ಕುರ್ಚಿಯ ಮೇಲೆ ನಮಾಝ್ ಮಾಡಲು ಆರಂಭಿಸುತ್ತಾರೆ. ಮಕ್ಕಳು ಕುರ್ಚಿ ತಂದುಕೊಡುವುದರ ಜೊತೆಗೆ ಅವರನ್ನು ಒಮ್ಮೆ ವೈದ್ಯರ ಬಳಿಗೂ ಕರೆದೊಯ್ಯಬೇಕು.

ನಮ್ಮ ದೇಶದಲ್ಲಿ ಇನ್ನೊಂದು ದುಃಖದ ಸಂಗತಿಯಿದೆ. ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲುನೋವನ್ನು ಅಲಕ್ಷಿಸಿದರೆ ರುಮ್ಯಾಟಿಕ್ ಜ್ವರ ಬರಬಹುದು. ಅದು ಕೀಲುಗಳನ್ನು ಕೆಲವು ದಿನ ನೋಯಿಸಿ ಹೋಗುತ್ತದೆ, ಕವಾಟಗಳನ್ನು ಮಾತ್ರ ಬದುಕಿಡೀ ಕೆಡಿಸಿ ಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ಕವಾಟದ ಕಾಯಿಲೆ ಹೆಚ್ಚಾಗಿ ಮುದುಕರ ಕಾಯಿಲೆ. ನಮ್ಮಲ್ಲಿ ಅದು ಮದುವೆಯ ವಯಸ್ಸಿನ ಹುಡುಗಿಯರ, ಎಳೆ ತಾಯಂದಿರ ಕಾಯಿಲೆಯೂ ಹೌದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಟ್ರಯಲ್‌ಗೆ ನಮ್ಮವರು ಏಕೆ ಸೇರಬೇಕು ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿದೆ.

ಪ್ರಯೋಗವೆಂದರೆ ಏನು?

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಔಷಧ ಮಾಡಬಹುದೇ ಎಂದು ಕೇಳಿದ ಹಳ್ಳಿಗರಿಗೆ ಪ್ರವಾದಿ(ಸ) ಚಿಕಿತ್ಸೆ ಪಡೆಯುವಂತೆ ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಅಲ್ಲಾಹನು ರೋಗದ ಜೊತೆಗೆ ಅದರ ಮದ್ದನ್ನೂ ಇಳಿಸಿದ್ದಾನೆ ಎಂಬುದು ನಮ್ಮ ವಿಶ್ವಾಸ. ಆದರೆ ಆ ಮದ್ದು ಯಾವುದು ಎಂದು ಹುಡುಕುವ ಹೊಣೆ ಮನುಷ್ಯರದು. ಹುಡುಕುವುದು ಹೇಗೆ? ಒಬ್ಬರಿಗೆ ಕೊಟ್ಟೆವು, ಗುಣವಾಯಿತು ಎಂದರೆ ಸಾಲದು. ಔಷಧವಿಲ್ಲದೆಯೂ ಗುಣವಾಗುತ್ತಿತ್ತೇನೋ! ಹೋಲಿಸಿ ನೋಡಬೇಕು.

ಈ ಹೋಲಿಕೆಯ ಬುದ್ಧಿ ನಮ್ಮ ಪೂರ್ವಜರಿಗೆ ಹೊಸದಲ್ಲ. ಸುಮಾರು ಕ್ರಿ.ಶ. 865ರಲ್ಲಿ ರಯ್ಯ್ ನಗರದಲ್ಲಿ ಹುಟ್ಟಿದ ಅಬೂಬಕರ್ ಅಲ್ ರಾಝಿ, ಮಿದುಳಿನ ಉರಿಯೂತದ ಲಕ್ಷಣವಿದ್ದ ಕೆಲವರಿಗೆ ರಕ್ತ ತೆಗೆದು, ಇನ್ನು ಕೆಲವರಿಗೆ ಬೇಕೆಂದೇ ತೆಗೆಯದೆ, ಎರಡೂ ಗುಂಪುಗಳನ್ನು ಹೋಲಿಸಿದ್ದನ್ನು ತನ್ನ ‘ಅಲ್ ಹಾವಿ’ಯಲ್ಲಿ ದಾಖಲಿಸಿದ್ದಾರೆ. ಆ ಚಿಕಿತ್ಸೆ ಇಂದು ಬಳಕೆಯಲ್ಲಿಲ್ಲ, ಹೋಲಿಸುವ ವಿಧಾನ ಮಾತ್ರ ಉಳಿದಿದೆ. ಇಬ್ನು ಸೀನಾ ತನ್ನ ‘ಅಲ್ ಕಾನೂನ್’ನಲ್ಲಿ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನು ಬರೆದರು. 13ನೇ ಶತಮಾನದಲ್ಲಿ ಇಬ್ನು ನಫೀಸ್, ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಭಾಗಕ್ಕೆ ಬರುತ್ತದೆ ಎಂದು ವಿವರಿಸಿದರು. ಇಂದಿನ ಹೃದಯ ವೈದ್ಯರು ನಡೆಯುವ ಹಾದಿಯಲ್ಲಿ ಅವರ ಹೆಜ್ಜೆಗಳೂ ಇವೆ.

ಈಗಿನ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಈಗ ಲಭ್ಯವಿರುವ ಚಿಕಿತ್ಸೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಚೀಟಿ ಎತ್ತಿದಂತೆ ಕಂಪ್ಯೂಟರ್ ಹೇಳುತ್ತದೆ. ‘ಇದು ಜೂಜಲ್ಲವೇ?’ ಎಂದು ಆ ಮನೆಯವರು ಕೇಳಿದರು. ಅಲ್ಲ. ಜೂಜಿನಲ್ಲಿ ಒಬ್ಬನ ಹಣ ಇನ್ನೊಬ್ಬನ ಕಿಸೆ ಸೇರುತ್ತದೆ. ಇಲ್ಲಿ ಚೀಟಿ ಎತ್ತುವುದು ನ್ಯಾಯಕ್ಕಾಗಿ. ಪ್ರವಾದಿ(ಸ) ಪ್ರಯಾಣಕ್ಕೆ ಹೊರಡುವಾಗ ತಮ್ಮ ಪತ್ನಿಯರಲ್ಲಿ ಯಾರನ್ನು ಕರೆದೊಯ್ಯಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಮರ್ಯಮ್(ಅ)ರ ಪೋಷಣೆಯ ಹೊಣೆ ಯಾರಿಗೆ ಎಂಬುದೂ ಹಾಗೆಯೇ ನಿರ್ಧಾರವಾಯಿತೆಂದು ಕುರ್‌ಆನ್ ತಿಳಿಸುತ್ತದೆ. ವೈದ್ಯರು ತಮಗಿಷ್ಟ ಬಂದವರಿಗೆ, ಗಟ್ಟಿಮುಟ್ಟಾದವರಿಗೆ ಮಾತ್ರ ಹೊಸ ಚಿಕಿತ್ಸೆ ಕೊಟ್ಟು ‘ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡಿತು’ ಎನ್ನದಂತೆ ತಡೆಯುವುದು ಈ ಚೀಟಿಯೇ.

ಪ್ರಯೋಗಗಳು ಏನು ಕಲಿಸಿವೆ?

ಎದೆ ತೆರೆಯದೆ ಮೈಟ್ರಲ್ ಲೀಕ್ ತಗ್ಗಿಸುವ ಮೈಟ್ರಾಕ್ಲಿಪ್ ಎಂಬ ಸಾಧನವಿದೆ. ತೊಡೆಸಂದಿನ ರಕ್ತನಾಳದ ಮೂಲಕ ತೆಳ್ಳನೆಯ ಕೊಳವೆಯನ್ನು ಹೃದಯಕ್ಕೆ ತಲುಪಿಸಿ, ಕವಾಟದ ಎರಡು ಎಸಳುಗಳನ್ನು ನಡುವಿನಲ್ಲಿ ಬಟ್ಟೆಗೆ ಕ್ಲಿಪ್ ಹಾಕಿದಂತೆ ಜೋಡಿಸುತ್ತಾರೆ. ಶಸ್ತ್ರಚಿಕಿತ್ಸೆಯೊಂದಿಗೆ ಅದನ್ನು ಹೋಲಿಸಿದ, 279 ರೋಗಿಗಳ ಟ್ರಯಲ್ ಒಂದರ ಫಲಿತಾಂಶ 2011ರಲ್ಲಿ ಬಂತು. ಕ್ಲಿಪ್ ಹೆಚ್ಚು ಸುರಕ್ಷಿತ, ಆದರೆ ಲೀಕ್ ತಗ್ಗಿಸುವಲ್ಲಿ ಶಸ್ತ್ರಚಿಕಿತ್ಸೆಯೇ ಮೇಲು ಎಂದು ತಿಳಿಯಿತು.

ಹೃದಯ ದುರ್ಬಲವಾಗಿ, ಹಿಗ್ಗಿ, ಅದರಿಂದಾಗಿ ಲೀಕ್ ಆಗುವವರ ಕಥೆ ಬೇರೆ. ಅವರಿಗೆ ಕ್ಲಿಪ್ ಪ್ರಯೋಜನಕಾರಿಯೇ? 2018ರಲ್ಲಿ ಎರಡು ದೊಡ್ಡ ಟ್ರಯಲ್‌ಗಳು ಉತ್ತರ ಕೊಟ್ಟವು. ಅಮೆರಿಕ ಮತ್ತು ಕೆನಡಾದಲ್ಲಿ 614 ರೋಗಿಗಳ ಮೇಲೆ ನಡೆದ ಕೋಆಪ್ಟ್ ಟ್ರಯಲ್‌ನಲ್ಲಿ, ಬರೀ ಔಷಧ ಪಡೆದವರಲ್ಲಿ ಎರಡು ವರ್ಷಗಳೊಳಗೆ ನೂರಕ್ಕೆ 46 ಮಂದಿ ತೀರಿಕೊಂಡರು. ಔಷಧದ ಜೊತೆಗೆ ಕ್ಲಿಪ್ ಪಡೆದವರಲ್ಲಿ ನೂರಕ್ಕೆ 29. ಅದೇ ವರ್ಷ ಫ್ರಾನ್ಸ್‌ನಲ್ಲಿ 304 ರೋಗಿಗಳ ಮೇಲೆ ನಡೆದ ಮೈಟ್ರಾ-ಎಫ್‌ಆರ್ ಟ್ರಯಲ್‌ನಲ್ಲಿ ಒಂದು ವರ್ಷದಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ಕ್ಲಿಪ್ ಗುಂಪಿನಲ್ಲಿ ಶೇ. 54.6, ಔಷಧದ ಗುಂಪಿನಲ್ಲಿ ಶೇ. 51.3. ಅಂದರೆ ಏನೂ ಲಾಭ ಕಾಣಲಿಲ್ಲ.

ಸಾಧನ ಒಂದೇ, ಫಲಿತಾಂಶ ಎರಡು! ತಜ್ಞರು ಕೊಡುವ ವಿವರಣೆ ಹೀಗಿದೆ: ಅಮೆರಿಕದ ಟ್ರಯಲ್‌ನಲ್ಲಿ ಮೊದಲು ಔಷಧಗಳನ್ನು ಸರಿಯಾದ ಪ್ರಮಾಣಕ್ಕೆ ತಂದು, ಆಮೇಲೂ ತೀವ್ರ ಲೀಕ್ ಉಳಿದವರನ್ನಷ್ಟೇ ಆರಿಸಿದ್ದರು. ಫ್ರಾನ್ಸ್‌ನ ರೋಗಿಗಳಲ್ಲಿ ಹೃದಯ ಹೆಚ್ಚು ಹಿಗ್ಗಿತ್ತು, ಲೀಕ್ ಅಷ್ಟು ತೀವ್ರವಿರಲಿಲ್ಲ. ಈ ಎರಡು ಟ್ರಯಲ್‌ಗಳಿಗೆ ಸೇರಿದ ಸುಮಾರು ಒಂಬೈನೂರು ಮಂದಿಯಿಂದಾಗಿ, ಯಾರಿಗೆ ಕ್ಲಿಪ್ ಹಾಕಬೇಕು, ಯಾರಿಗೆ ಹಾಕಿ ಪ್ರಯೋಜನವಿಲ್ಲ ಎಂದು ಇಂದು ಜಗತ್ತಿನ ವೈದ್ಯರು ತಿಳಿದು ಹೇಳಬಲ್ಲರು. ನಮ್ಮಲ್ಲಿ ಸಾಲ ಮಾಡಿ, ಜಾಗ ಮಾರಿ ಚಿಕಿತ್ಸೆ ಮಾಡಿಸುವವರಿದ್ದಾರೆ. ಬೇಡದವರಿಗೆ ಬೇಡ ಎಂದು ಗೊತ್ತಾಗುವುದೂ ದೊಡ್ಡ ಉಪಕಾರ.

ಟ್ರೈಕಸ್ಪಿಡ್ ಕವಾಟಕ್ಕೂ ಇಂಥದ್ದೇ ಕ್ಲಿಪ್ ಬಂದಿದೆ. 350 ರೋಗಿಗಳ ಟ್ರಯಲ್‌ನ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಲೀಕ್ ತಗ್ಗಿತು, ರೋಗಿಗಳ ದಿನನಿತ್ಯದ ಬದುಕು ಹಗುರವಾಯಿತು, ಆದರೆ ಒಂದು ವರ್ಷದಲ್ಲಿ ಸಾವಿನ ಪ್ರಮಾಣ ತಗ್ಗಿದ್ದು ಕಾಣಲಿಲ್ಲ. ‘ಹೊಸದು’ ಎಂದರೆ ‘ಪವಾಡ’ ಎಂದರ್ಥವಲ್ಲ.

ಈಗ ನಮ್ಮ ಕಡೆಗೆ ಬರೋಣ. ಕೋಆಪ್ಟ್ ಟ್ರಯಲ್‌ನ ರೋಗಿಗಳ ಸರಾಸರಿ ವಯಸ್ಸು 72. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ 25ರ ಹೆಣ್ಣುಮಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲು ಸಾಧ್ಯವೇ? ಸಾಧ್ಯವಿಲ್ಲ. ಅವಳಂಥವರು ಟ್ರಯಲ್‌ನಲ್ಲಿದ್ದರೆ ಮಾತ್ರ ಅವಳಿಗೆ ಬೇಕಾದ ಉತ್ತರ ಸಿಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ರುಮ್ಯಾಟಿಕ್ ಕಾಯಿಲೆಯಿಂದ ಹೃದಯ ಬಡಿತವೂ ಏರುಪೇರಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಹಳೆಯ ವಾರ್ಫರಿನ್ ಬಗೆಯ ಮಾತ್ರೆ ಕೊಡುತ್ತಾರೆ. ಅದಕ್ಕೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇಕು. ರಿವರೊಕ್ಸಬಾನ್ ಎಂಬ ಹೊಸ ಮಾತ್ರೆಗೆ ಆ ಗೋಜಿಲ್ಲ. ಹೊಸದೇ ಒಳ್ಳೆಯದಿರಬೇಕು ಎಂದು ಅನೇಕರು ಭಾವಿಸಿದ್ದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ, ಭಾರತವೂ ಸೇರಿದಂತೆ, ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಇನ್‌ವಿಕ್ಟಸ್ ಎಂಬ ಟ್ರಯಲ್ ನಡೆಯಿತು. ಅವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. 2022ರಲ್ಲಿ ಬಂದ ಫಲಿತಾಂಶವೇನು? ಹಳೆಯ ಮಾತ್ರೆ ಪಡೆದವರಲ್ಲೇ ಸಾವು ಕಡಿಮೆ! ಆ ಸಹೋದರಿಯರು ಟ್ರಯಲ್ ಸೇರದಿದ್ದರೆ, ಅನುಕೂಲ ಎಂಬ ಒಂದೇ ಕಾರಣಕ್ಕೆ ಹೊಸ ಮಾತ್ರೆ ಎಲ್ಲೆಡೆ ಹರಡಿ, ಎಷ್ಟು ಮನೆಗಳಲ್ಲಿ ತಾಯಂದಿರು ಇಲ್ಲವಾಗುತ್ತಿದ್ದರೋ ಅಲ್ಲಾಹನೇ ಬಲ್ಲ.

ನಮ್ಮ ಪಕ್ಕದ ರಾಜ್ಯದ ಇನ್ನೊಂದು ಕಥೆ. ವಿದೇಶಿ ಕೃತಕ ಕವಾಟದ ಬೆಲೆ ಬಡವರ ಕೈಗೆಟುಕದಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡದವರು ದೇಶೀಯ ಕವಾಟ ತಯಾರಿಸಲು ಹೊರಟರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಕುರಿಗಳಲ್ಲಿ ಪರೀಕ್ಷಿಸಿ ಗೆದ್ದ ಮಾದರಿಯನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಇಡಲಾಯಿತು. ಆಮೇಲೆ ಹಲವು ಆಸ್ಪತ್ರೆಗಳಲ್ಲಿ ಮುನ್ನೂರರಷ್ಟು ರೋಗಿಗಳ ಟ್ರಯಲ್ ನಡೆಯಿತು. ಇಂದು ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಆ ಚಿತ್ರಾ ಕವಾಟ ಮಿಡಿದಿದೆ. ಡಾ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಅವರ ಹೆಸರು ಎಲ್ಲರಿಗೂ ಗೊತ್ತು. ಆ ಮೊದಲ ಮುನ್ನೂರು ರೋಗಿಗಳ ಹೆಸರು ನಮಗೆ ಗೊತ್ತಿಲ್ಲ, ಅಲ್ಲಾಹನಿಗೆ ಗೊತ್ತು. ಮರಣದ ನಂತರವೂ ಪ್ರತಿಫಲ ತರುವ ಕರ್ಮಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಒಳ್ಳೆಯ ನಿಯ್ಯತ್ ಇಟ್ಟು ಟ್ರಯಲ್ ಸೇರುವವರು ಈ ಪ್ರತಿಫಲವನ್ನು ಆಶಿಸಬಹುದು.

ಭಯಕ್ಕೂ ಕಾರಣವಿದೆ

ಹಾಗೆಂದು ಭಯಪಡುವವರನ್ನು ಅಜ್ಞಾನಿಗಳೆಂದು ಹೀಯಾಳಿಸಬೇಡಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪುವರ್ಣೀಯರ ಮೇಲೆ ಸಿಫಿಲಿಸ್ ರೋಗದ ಅಧ್ಯಯನ ನಡೆಯಿತು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡದೆ, ನಿಜ ತಿಳಿಸದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕುಳಿತರು. ಅದು ಜ್ಞಾನವಲ್ಲ, ಝುಲ್ಮ್. ನಮ್ಮ ದೇಶದಲ್ಲೂ ಟ್ರಯಲ್‌ಗಳ ದುರುಪಯೋಗದ ದೂರು ಸುಪ್ರೀಂ ಕೋರ್ಟ್ ತಲುಪಿ, 2013ರ ನಂತರ ನಿಯಮಗಳು ಬಿಗಿಯಾದವು. ಈಗ ಔಷಧಗಳಿಗೆ 2019ರ ನಿಯಮಗಳೂ, ಕವಾಟ, ಕ್ಲಿಪ್‌ನಂಥ ಸಾಧನಗಳಿಗೆ 2017ರ ನಿಯಮಗಳೂ ಇವೆ.

ಇಸ್ಲಾಮೀ ವಿದ್ವಾಂಸರೂ ಈ ವಿಷಯವನ್ನು ಚರ್ಚಿಸಿದ್ದಾರೆ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ಸೇರಿ, ವೈದ್ಯಕೀಯ ಸಂಶೋಧನೆಗೆ ವ್ಯಕ್ತಿಯ ಪೂರ್ಣ ಸಮ್ಮತಿ ಬೇಕು, ಕೈದಿಗಳ ಮೇಲಿನಂತೆ ಒತ್ತಡವಾಗಲಿ, ಬಡವರಿಗೆ ತೋರಿಸುವ ಹಣದ ಆಮಿಷವಾಗಲಿ ಇರಬಾರದು ಎಂದು ನಿರ್ಣಯಿಸಿತು. ತನಗೂ ಹಾನಿ ಮಾಡಿಕೊಳ್ಳಬಾರದು, ಇತರರಿಗೂ ಹಾನಿ ಮಾಡಬಾರದು ಎಂಬುದು ನಮ್ಮ ಫಿಕ್ಹ್‌ನ ಬುನಾದಿ. ದೇಹ ಅಲ್ಲಾಹನ ಅಮಾನತ್. ಅದನ್ನು ಮಾರುವಂತಿಲ್ಲ, ಅಲಕ್ಷಿಸುವಂತೆಯೂ ಇಲ್ಲ.

ಸಹಿ ಹಾಕುವ ಮುನ್ನ

ಕುರ್‌ಆನ್‌ನ ಅತ್ಯಂತ ದೀರ್ಘ ಆಯತ್ ಯಾವ ವಿಷಯದ್ದು, ಗೊತ್ತೇ? ಸಾಲದ ವ್ಯವಹಾರವನ್ನು ಕಾಗದದಲ್ಲಿ ಬರೆಯುವುದರ, ಸಾಕ್ಷಿ ಇಡುವುದರ ವಿಷಯ. ಹಣದ ವ್ಯವಹಾರಕ್ಕೇ ಅಷ್ಟು ಜಾಗ್ರತೆ ಇರುವಾಗ ಹೃದಯದ ವ್ಯವಹಾರಕ್ಕೆ ಎಷ್ಟಿರಬೇಕು! ಆದ್ದರಿಂದ ಟ್ರಯಲ್‌ಗೆ ಕರೆ ಬಂದರೆ ಈ ವಿಷಯಗಳನ್ನು ಕೇಳಿ ತಿಳಿದುಕೊಳ್ಳಿ.

ಒಂದು: ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಮನೆಗೆ ಒಯ್ದು ಓದಿ, ಅವಸರಪಡಿಸಿದರೆ ‘ಯೋಚಿಸಿ ಹೇಳುತ್ತೇವೆ’ ಎನ್ನಿ. ಓದು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು.

ಎರಡು: ಟ್ರಯಲ್ ಸೇರದಿದ್ದರೆ ನನಗೆ ಬೇರೆ ಯಾವ ಚಿಕಿತ್ಸೆ ಇದೆ? ಶಸ್ತ್ರಚಿಕಿತ್ಸೆ ಸಾಧ್ಯವೇ? ಔಷಧದ ಪ್ರಮಾಣ ಸರಿಯಾಗಿದೆಯೇ? ಇದಕ್ಕೆ ಟ್ರಯಲ್‌ನಲ್ಲಿ ಇಲ್ಲದ ಇನ್ನೊಬ್ಬ ಹೃದಯ ತಜ್ಞರ ಅಭಿಪ್ರಾಯ ಪಡೆಯಿರಿ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಂಥ ಕಡೆ ತೋರಿಸಬಹುದು. ಸಿರಿಯಾದ ದಾರಿಯಲ್ಲಿ ಪ್ಲೇಗ್ ಸುದ್ದಿ ತಿಳಿದಾಗ ಖಲೀಫ ಉಮರ್(ರ) ಮೊದಲು ಮುಹಾಜಿರ್‌ಗಳನ್ನು, ನಂತರ ಅನ್ಸಾರ್‌ಗಳನ್ನು, ಆಮೇಲೆ ಕುರೈಶರ ಹಿರಿಯರನ್ನು ಕರೆದು ಕೇಳಿದ ಮೇಲೆಯೇ ಹಿಂದಿರುಗುವ ನಿರ್ಧಾರ ಮಾಡಿದರು. ಖಲೀಫರೇ ಮೂರು ಗುಂಪುಗಳನ್ನು ಕೇಳಿದ್ದಾರೆ. ನಾವು ಇಬ್ಬರು ವೈದ್ಯರನ್ನಾದರೂ ಕೇಳಬಾರದೇ?

ಮೂರು: ಈ ಸಾಧನವನ್ನು ಇದಕ್ಕೆ ಮೊದಲು ಎಷ್ಟು ಮಂದಿಗೆ ಹಾಕಿದ್ದಾರೆ? ಏನೇನು ಅಪಾಯ ಕಂಡಿದೆ? ಮೊದಮೊದಲ ಹಂತದ ಟ್ರಯಲ್‌ನಲ್ಲಿ ಅಪಾಯ ಹೆಚ್ಚು ಅನಿಶ್ಚಿತ. ಕೊನೆಯ ಹಂತದ್ದರಲ್ಲಿ ಸ್ವಲ್ಪ ಅನುಭವ ಸಿಕ್ಕಿರುತ್ತದೆ.

ನಾಲ್ಕು: ಹೊಸ ಚಿಕಿತ್ಸೆ ಇಲ್ಲದ ಗುಂಪಿಗೆ ನಾನು ಬಿದ್ದರೆ? ಮುಂದೆ ಅದು ನನಗೂ ಸಿಗುವುದೇ? ಕೋಆಪ್ಟ್‌ನಲ್ಲಿ ಔಷಧದ ಗುಂಪಿನವರಿಗೆ ಎರಡು ವರ್ಷದ ನಂತರ ಕ್ಲಿಪ್ ಪಡೆಯಲು ಅವಕಾಶವಿತ್ತು. ಎಲ್ಲ ಟ್ರಯಲ್‌ಗಳಲ್ಲಿ ಹಾಗಿರುವುದಿಲ್ಲ.

ಐದು: ಖರ್ಚು ಯಾರದು? ಸಾಧನ ಉಚಿತವೇ, ಪರೀಕ್ಷೆಗಳು ಉಚಿತವೇ, ಊರಿನಿಂದ ಬಂದು ಹೋಗುವ ಖರ್ಚು ಕೊಡುತ್ತಾರೆಯೇ? ಟ್ರಯಲ್‌ನಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು ನಿಯಮವಿದೆ. ಅದು ಕಾಗದದಲ್ಲಿದೆಯೇ ನೋಡಿ.

ಆರು: ಟ್ರಯಲ್ ನೋಂದಣಿಯಾಗಿದೆಯೇ? ಭಾರತದಲ್ಲಿ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿ 2007ರಿಂದ ಇದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಆಸ್ಪತ್ರೆಯ ನೈತಿಕ ಸಮಿತಿಯನ್ನು ಸಂಪರ್ಕಿಸುವ ವಿವರ ಕಾಗದದಲ್ಲಿರಬೇಕು. ಸಂಶಯ ಬಂದರೆ ನೇರವಾಗಿ ಅವರನ್ನೇ ಕೇಳಿ.

ಏಳು: ನಡುವೆ ಬಿಟ್ಟು ಬರಬಹುದೇ? ಬರಬಹುದು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ. ಅದರಿಂದ ನಿಮ್ಮ ಮಾಮೂಲು ಚಿಕಿತ್ಸೆಗೆ ಅಡ್ಡಿಯಾಗಬಾರದು. ಆದರೆ ಹಾಕಿದ ಕ್ಲಿಪ್ ಹೊರಗೆ ಬರುವುದಿಲ್ಲ ಎಂಬುದು ನೆನಪಿರಲಿ. ಟ್ರಯಲ್ ಬಿಟ್ಟರೂ ತಪಾಸಣೆ ಬಿಡಬೇಡಿ.

ನಮ್ಮ ಮನೆಗಳ ಪ್ರಶ್ನೆಗಳು

ಕೃತಕ ಕವಾಟಗಳಲ್ಲಿ ಲೋಹದ್ದಿದೆ, ಪ್ರಾಣಿಯ ಅಂಗಾಂಶದ್ದಿದೆ. ಅಂಗಾಂಶದ್ದರಲ್ಲಿ ದನದ ಹೃದಯದ ಹೊರಪೊರೆಯಿಂದ ಮಾಡಿದ್ದೂ ಇದೆ, ಹಂದಿಯ ಕವಾಟದ್ದೂ ಇದೆ. ಯಾವುದು ಎಂದು ಸಂಕೋಚವಿಲ್ಲದೆ ಕೇಳಿ, ವೈದ್ಯರು ಬೇಸರಿಸುವುದಿಲ್ಲ. ಪರ್ಯಾಯ ಇರುವಾಗ ಪರ್ಯಾಯವನ್ನೇ ಆರಿಸಿ. ಪರ್ಯಾಯವಿಲ್ಲದೆ ಜೀವದ ಪ್ರಶ್ನೆ ಬಂದಾಗ ಅನಿವಾರ್ಯತೆಯ ನಿಯಮದಂತೆ ಅನುಮತಿ ಇದೆಯೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಶಸ್ತ್ರಚಿಕಿತ್ಸೆಯ ವೇಳೆ ಬಳಸುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಮೂಲದ್ದು. ಅದರ ಬಗ್ಗೆಯೂ ಚರ್ಚೆ ನಡೆದಿದೆ. ನಿಮ್ಮ ನಂಬಿಕೆಯ ಆಲಿಮರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತು ಜಗಳ ಮಾಡಬೇಡಿ. ಮೈಟ್ರಾಕ್ಲಿಪ್ ಲೋಹ ಮತ್ತು ಪಾಲಿಯೆಸ್ಟರ್ ಬಟ್ಟೆಯಿಂದ ಮಾಡಿದ್ದು, ಅದರಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಇನ್ನೊಂದು ವಿಷಯ, ಪುರುಷರೇ, ಗಮನವಿಟ್ಟು ಕೇಳಿ. ರೋಗಿ ಹೆಣ್ಣಾಗಿದ್ದರೆ ಸಮ್ಮತಿ ಆಕೆಯದ್ದೇ ಆಗಬೇಕು. ಗಂಡನ ಸಹಿ, ಮಗನ ಸಹಿ, ಅಣ್ಣನ ಸಹಿ ಆಕೆಯ ಸಹಿಗೆ ಬದಲಿಯಲ್ಲ. ಉಮ್ಮ ಎನ್ನಿ, ಅಮ್ಮಿ ಎನ್ನಿ, ಆಕೆ ಪ್ರೌಢಳು, ಬುದ್ಧಿ ಸ್ವಾಧೀನದಲ್ಲಿರುವವಳು. ‘ಅವರಿಗೇನು ತಿಳಿಯುತ್ತದೆ, ನಾವೇ ನೋಡಿಕೊಳ್ಳುತ್ತೇವೆ’ ಎಂದು ಆಕೆಯಿಂದ ಕಾಯಿಲೆಯನ್ನೇ ಮುಚ್ಚಿಡುವ ಮನೆಗಳಿವೆ. ಇದು ಪ್ರೀತಿಯಂತೆ ಕಾಣುತ್ತದೆ, ಆದರೆ ಆಕೆಯ ಹಕ್ಕನ್ನು ಕಸಿಯುತ್ತದೆ. ಪಕ್ಕದಲ್ಲಿ ಕುಳಿತು ಓದಿ ಹೇಳಿ, ಸಲಹೆ ಕೊಡಿ, ನಿರ್ಧಾರವನ್ನು ಆಕೆಗೆ ಬಿಡಿ. ಎಕೋ ತೆಗೆಯಲು ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಬಹುದು. ಗರ್ಭಿಣಿಯಾಗಿದ್ದರೆ ಅಥವಾ ಮಗುವಿನ ಯೋಚನೆಯಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ರಮಝಾನ್‌ನ ಉಪವಾಸ, ಉಮ್ರಾ, ಹಜ್ ಯಾತ್ರೆಯ ಯೋಜನೆಯಿದ್ದರೆ ಅದನ್ನೂ ಹೇಳಿ. ಟ್ರಯಲ್‌ನ ತಪಾಸಣೆಗಳಿಗೆ ದಿನ ಗೊತ್ತುಪಡಿಸಿರುತ್ತಾರೆ. ನೀರು ಹೋಗುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ. ಸತ್ಯ ಮುಚ್ಚಿಡಬೇಡಿ. ಮಾತ್ರೆ ಬಿಟ್ಟಿದ್ದರೆ ಬಿಟ್ಟೆ ಎನ್ನಿ, ನಾಟಿ ಮದ್ದು ಸೇವಿಸಿದ್ದರೆ ಸೇವಿಸಿದೆ ಎನ್ನಿ. ನೀವು ಹೇಳುವ ಒಂದು ಸುಳ್ಳು ಲೆಕ್ಕದಲ್ಲಿ ಸೇರಿ, ನಾಳೆ ಇನ್ನೊಬ್ಬ ರೋಗಿಗೆ ತಪ್ಪು ಚಿಕಿತ್ಸೆಯಾಗಿ ಮುಟ್ಟಬಹುದು. ಅದೂ ಒಂದು ಬಗೆಯ ಸಾಕ್ಷ್ಯ.

ಕೊನೆಗೆ ತಾಯಂದಿರಿಗೆ ಒಂದು ಮಾತು. ಮಕ್ಕಳ ಗಂಟಲುನೋವು, ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹರಿಯುವ ನೋವು ಕಂಡರೆ ವೈದ್ಯರಿಗೆ ತೋರಿಸಿ. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬೇಡಿ, ರಮಝಾನ್‌ನಲ್ಲೂ. ಆಹಾರದ ಬದಲಿಗೆ ಕೊಡುವುದಲ್ಲದ ಇಂಜೆಕ್ಷನ್‌ನಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಂದಿನ ಒಂದು ಇಂಜೆಕ್ಷನ್ ನಾಳೆಯ ಆಪರೇಷನ್ನೇ ತಪ್ಪಿಸಬಹುದು.

ಸಹೋದರ ಸಹೋದರಿಯರೇ, ಟ್ರಯಲ್ ಸೇರುವುದು ಫರ್ಝ್ ಅಲ್ಲ, ಸೇರದಿರುವುದು ಪಾಪವೂ ಅಲ್ಲ. ತಿಳಿಯದೆ ಸಹಿ ಹಾಕುವುದೂ ಸರಿಯಲ್ಲ, ತಿಳಿಯದೆ ತಿರಸ್ಕರಿಸುವುದೂ ಸರಿಯಲ್ಲ. ಕೇಳಿ, ಓದಿ, ಸಮಾಲೋಚಿಸಿ. ಆಮೇಲೆ ಎರಡು ರಕಅತ್ ಇಸ್ತಿಖಾರದ ನಮಾಝ್ ಮಾಡಿ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡಬೇಕೆಂಬ ಪಾಠ ನಮಗೆ ಗೊತ್ತಿದೆ. ಇಲ್ಲಿ ಕಟ್ಟುವುದೆಂದರೆ ಪ್ರಶ್ನೆ ಕೇಳುವುದು. ಆ ಕುಟುಂಬಕ್ಕೂ ನಾನು ಹೇಳಿದ್ದು ಇಷ್ಟೇ. ಅವರು ಏನು ನಿರ್ಧರಿಸಿದರೂ ಜಮಾಅತ್ ಅವರ ಜೊತೆಗಿರಬೇಕು. ಆಸ್ಪತ್ರೆಗೆ ಜೊತೆಗೆ ಹೋಗುವವರು, ಕಾಗದ ಓದಿ ಹೇಳಬಲ್ಲ ವಿದ್ಯಾವಂತ ಯುವಕ ಯುವತಿಯರು ನಮ್ಮಲ್ಲಿದ್ದಾರೆ. ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಹಣ್ಣಿನ ಚೀಲದ ಜೊತೆಗೆ ಈ ನೆರವನ್ನೂ ಕೊಂಡುಹೋಗೋಣ.

ಓ ಅಲ್ಲಾಹ್, ನಮ್ಮ ರೋಗಿಗಳಿಗೆ ಶಿಫಾ ದಯಪಾಲಿಸು. ವೈದ್ಯರ ಕೈಗಳಿಗೆ ನೈಪುಣ್ಯವನ್ನೂ ಮನಸ್ಸಿಗೆ ಪ್ರಾಮಾಣಿಕತೆಯನ್ನೂ ಕೊಡು. ತಮ್ಮ ನೋವಿನಿಂದ ಇತರರಿಗೆ ಜ್ಞಾನ ಕೊಟ್ಟು ಹೋದವರಿಗೆ, ಅವರು ಯಾರೇ ಆಗಿರಲಿ, ಒಳಿತಿನ ಪ್ರತಿಫಲ ನೀಡು. ನಮ್ಮ ಹೃದಯಗಳನ್ನು ರೋಗದಿಂದಲೂ ಕಾಪಾಡು, ಕಪಟದಿಂದಲೂ ಕಾಪಾಡು. ಆಮೀನ್.